ಹಡಗಿನಿಂದ ನಡೆಸಿದ ಸಂಸಾರ: ಅಡ್ಮಿರಲ್ ಕಾಲಿಂಗ್‌ವುಡ್ ಮನೆಗೆ ಬರೆದ ಪತ್ರಗಳು

ಬ್ರಿಟಿಷ್ ನೌಕಾಪಡೆ ಫ್ರಾನ್ಸ್ ಮತ್ತು ಸ್ಪೇನಿನ ಹಡಗುಗಳನ್ನು ಸೋಲಿಸಿದ ಟ್ರಫಾಲ್ಗರ್ ಯುದ್ಧ ಅಂದ ಕೂಡಲೇ ಎಲ್ಲರ ಬಾಯಿಗೆ ಬರುವುದು ಆ ಪಡೆಯ ನಾಯಕ ನೆಲ್ಸನ್ ಹೆಸರು. ನಾನು ಇವತ್ತು ಅವನ ಬಗ್ಗೆ ಮಾತಾಡುವುದಿಲ್ಲ. 1805ರ ಅಕ್ಟೋಬರ್ 21ರಂದು ನೆಲ್ಸನ್ ಗುಂಡೇಟು ತಿಂದು ಸತ್ತ ಮೇಲೆ ಆ 27 ಬ್ರಿಟಿಷ್ ಯುದ್ಧನೌಕೆಗಳ ಹೊಣೆ ಇನ್ನೊಬ್ಬನ ತಲೆಗೆ ಬಂತು. ಅವನ ಹೆಸರು ಕತ್‌ಬರ್ಟ್ ಕಾಲಿಂಗ್‌ವುಡ್. ಆ ದಿನ ಶತ್ರುವಿನ ಸಾಲನ್ನು ಮೊದಲು ಸೀಳಿಕೊಂಡು ನುಗ್ಗಿದ್ದು ನೆಲ್ಸನ್ನನ ಹಡಗು ‘ವಿಕ್ಟರಿ’ ಅಲ್ಲ, ಇವನ ‘ರಾಯಲ್ ಸಾವರಿನ್’. ಆದರೆ ಅದೂ ಇವತ್ತಿನ ವಿಷಯವಲ್ಲ. ಇವತ್ತಿನ ವಿಷಯ, ಇವನು ಮನೆಗೆ ಬರೆದ ಪತ್ರಗಳು.

1803ರಲ್ಲಿ ಮನೆ ಬಿಟ್ಟ. 1810ರಲ್ಲಿ ಸಮುದ್ರದ ಮೇಲೆಯೇ ತೀರಿಕೊಂಡ. ನಡುವೆ ಒಂದು ಸಲವೂ ಮನೆಯ ಹೊಸ್ತಿಲು ತುಳಿಯಲಿಲ್ಲ. ಮನೆ ಇದ್ದದ್ದು ಇಂಗ್ಲೆಂಡಿನ ಉತ್ತರದ ತುದಿಯಲ್ಲಿ, ನಾರ್ತಂಬರ್‌ಲ್ಯಾಂಡಿನ ಮಾರ್ಪೆತ್ ಅನ್ನುವ ಸಣ್ಣ ಪೇಟೆಯಲ್ಲಿ, ವಾನ್ಸ್‌ಬೆಕ್ ಹೊಳೆಯ ಹತ್ತಿರ. ಆ ಮನೆಯಲ್ಲಿ ಹೆಂಡತಿ ಸಾರಾ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೂ ತಾಯಿಯ ಹೆಸರೇ, ಸಾರಾ. ಚಿಕ್ಕವಳು ಮೇರಿ ಪೇಷನ್ಸ್. ಏಳು ವರ್ಷ ಅವನು ಗಂಡನಾಗಿದ್ದದ್ದು, ಅಪ್ಪನಾಗಿದ್ದದ್ದು ಎಲ್ಲವೂ ಕಾಗದದ ಮೇಲೆ. ಈ ಪತ್ರಗಳನ್ನು ಯುದ್ಧದ ದಾಖಲೆ ಅಂತ ಓದಲು ಹೋದರೆ ನಿರಾಸೆಯಾಗುತ್ತದೆ. ಇವು ಒಬ್ಬ ಮನುಷ್ಯ ಸಾವಿರಾರು ಮೈಲಿ ದೂರದಿಂದ ಸಂಸಾರ ನಡೆಸಲು ಪಟ್ಟ ಪಾಡು. ಹಾಗೆ ಓದಿದರೆ ರುಚಿ ಹತ್ತುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಕಾಲಿಂಗ್‌ವುಡ್ ಹುಟ್ಟಿದ್ದು 1748ರಲ್ಲಿ, ಕಲ್ಲಿದ್ದಲಿಗೆ ಹೆಸರಾದ ನ್ಯೂಕಾಸಲ್ ಬಂದರಿನಲ್ಲಿ. 1761ರಲ್ಲಿ, ಹನ್ನೆರಡರ ಹುಡುಗ, ಹಡಗು ಹತ್ತಿದ. ಆಗಿನ ಕಾಲದಲ್ಲಿ ಅದೇನೂ ವಿಚಿತ್ರ ಅಲ್ಲ, ನೌಕಾಪಡೆಯ ಅಧಿಕಾರಿ ಆಗಬೇಕು ಅಂದರೆ ಆ ವಯಸ್ಸಿಗೇ ಹೋಗಬೇಕಿತ್ತು. ಮದುವೆಯಾದದ್ದು ಮಾತ್ರ ತಡ. 1791ರ ಜೂನ್ 16ರಂದು, ನಲವತ್ತು ದಾಟಿದ ಮೇಲೆ. ಹುಡುಗಿ ನ್ಯೂಕಾಸಲ್ಲಿನ ಮೇಯರ್ ಆಗಿದ್ದ ಬ್ಲ್ಯಾಕೆಟ್ ಅವರ ಮಗಳು. 1792ರಲ್ಲಿ ಮೊದಲ ಮಗಳು, 1793ರಲ್ಲಿ ಎರಡನೆಯವಳು. ಅದೇ 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರು. ಅಂದರೆ ಇವನು ನೆಮ್ಮದಿಯಾಗಿ ಸಂಸಾರ ಮಾಡಿದ್ದು ಎರಡು ವರ್ಷವೂ ಇಲ್ಲ.

1801ರ ಒಂದು ಪ್ರಸಂಗ ಹೇಳುತ್ತೇನೆ. ಆಗ ಇವನ ಹಡಗು ಪ್ಲಿಮತ್‌ನಲ್ಲಿತ್ತು, ಅದು ದೇಶದ ತೆಂಕಣ ತುದಿ. ಹೆಂಡತಿ ಎಂಟು ವರ್ಷದ ದೊಡ್ಡ ಮಗಳನ್ನು ಕಟ್ಟಿಕೊಂಡು ಚಳಿಗಾಲದಲ್ಲಿ ಸುಮಾರು 400 ಮೈಲಿ ಕುದುರೆಗಾಡಿಯಲ್ಲಿ ಬಂದಳು, ಗಂಡನನ್ನು ನೋಡಲು. ಇವನು ನೆಲ್ಸನ್ ಜೊತೆ ಊಟಕ್ಕೆ ಕೂತಿದ್ದಾಗ ಅವರು ಬಂದ ಸುದ್ದಿ ಬಂತು. ಎದ್ದು ಓಡಿದ. ಆದರೆ ಹೊರಡುವ ಆಜ್ಞೆ ಆಗಲೇ ಬಂದಿತ್ತು. ಒಂದು ಸಂಜೆ ಒಟ್ಟಿಗಿದ್ದರು, ಬೆಳಗಾಗುವ ಹೊತ್ತಿಗೆ ಇವನು ಸಮುದ್ರದ ಮೇಲೆ. ಆ ಸಂಜೆ ತನಗಾದ ಸಂತೋಷಕ್ಕಿಂತ ಜಾಸ್ತಿ ಸಂತೋಷ ಮನುಷ್ಯನಿಗೆ ಸಾಧ್ಯವೇ ಇಲ್ಲ ಅಂತ ಆಮೇಲೆ ಬರೆದ. ದೂರು ಇಲ್ಲ, ಗೊಣಗಾಟ ಇಲ್ಲ. ಬೆಳಗಿನ ಜಾವ ಬೇರೆಯಾದೆವು, ನಾನು ಹಡಗಿಗೆ ಹೋದೆ, ಅಷ್ಟೇ. ನಾನಾಗಿದ್ದರೆ ಬೈದುಕೊಂಡೇ ಬರೆಯುತ್ತಿದ್ದೆ.

1802ರಲ್ಲಿ ಅಮಿಯಾನ್ ಒಪ್ಪಂದ ಆಗಿ ಸ್ವಲ್ಪ ಕಾಲ ಶಾಂತಿ ಬಂತು. ಆ ಒಂದು ವರ್ಷವೇ ಇವನ ಪಾಲಿನ ಸ್ವರ್ಗ. ಮಕ್ಕಳಿಗೆ ಪಾಠ, ತೋಟದ ಕೆಲಸ, ಗಿಡ ನೆಡುವುದು. ಇವನನ್ನು ನೋಡಲು ಇನ್ನೊಬ್ಬ ಅಡ್ಮಿರಲ್ ಬಂದನಂತೆ. ಮನೆಯಲ್ಲೆಲ್ಲೂ ಇಲ್ಲ. ಹುಡುಕುತ್ತಾ ಹೋದರೆ ತೋಟದ ತುದಿಯಲ್ಲಿ ಒಂದು ಆಳವಾದ ಗುಂಡಿ, ಅದರೊಳಗೆ ಮುದಿ ತೋಟಗಾರ ಸ್ಕಾಟ್ ಜೊತೆ ನಮ್ಮ ಅಡ್ಮಿರಲ್ ಸಾಹೇಬರು ಮಣ್ಣು ಅಗೆಯುತ್ತಾ ನಿಂತಿದ್ದಾರೆ. 1803ರ ಮೇ ತಿಂಗಳಲ್ಲಿ ಮತ್ತೆ ಯುದ್ಧ. ಸನಿಕೆ ಕೆಳಗಿಟ್ಟು ಹೊರಟವನು ಆ ತೋಟವನ್ನು ಮತ್ತೆ ನೋಡಲಿಲ್ಲ.

ಈಗ ಪತ್ರದ ವಿಷಯ. ನಿಮ್ಮಲ್ಲಿ ಕೊಡಗಿನವರು ಇದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಸೈನ್ಯದಲ್ಲಿ ಇದ್ದಿದ್ದರೆ, ‘56 ಎಪಿಒ’ ವಿಳಾಸ ಗೊತ್ತಿರುತ್ತದೆ. ಮಗ ಯಾವ ಬೆಟ್ಟದ ಮೇಲಿದ್ದಾನೆ ಅಂತ ಗೊತ್ತಿಲ್ಲದಿದ್ದರೂ ಆ ನಂಬರಿಗೆ ಹಾಕಿದರೆ ಸೇರುತ್ತಿತ್ತು. ಕಾಲಿಂಗ್‌ವುಡ್ ಕಾಲದಲ್ಲಿ ಅಂಥ ವ್ಯವಸ್ಥೆ ಇರಲಿಲ್ಲ. ಇಂಗ್ಲೆಂಡಿಗೆ ಹೋಗುವ ಹಡಗು ಯಾವುದಾದರೂ ಸಿಕ್ಕಿದರೆ ಅದರಲ್ಲಿ ಹಾಕಬೇಕು. ಆ ಹಡಗು ಬಿರುಗಾಳಿಗೆ ಸಿಗದೆ, ಶತ್ರುವಿನ ಕೈಗೂ ಸಿಗದೆ ಬಂದರು ಸೇರಬೇಕು. ಅಲ್ಲಿಂದ ಅಂಚೆ ಗಾಡಿ. ಅಂಚೆ ವೆಚ್ಚವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ಕೊಡಬೇಕಿತ್ತು, ಅದೂ ಹಾಳೆಯ ಲೆಕ್ಕದಲ್ಲಿ, ದೂರದ ಲೆಕ್ಕದಲ್ಲಿ. ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆ. ಅದಕ್ಕೇ ಪತ್ರವನ್ನೇ ಮಡಿಸಿ, ಅರಗು ಹಾಕಿ, ಬೆನ್ನ ಮೇಲೆ ವಿಳಾಸ ಬರೆಯುತ್ತಿದ್ದರು, ನಮ್ಮ ಇನ್‌ಲ್ಯಾಂಡ್ ಲೆಟರ್ ಥರ. 1795ರಲ್ಲಿ ಒಂದು ಕಾನೂನು ತಂದು ಸಾಮಾನ್ಯ ನಾವಿಕರಿಗೂ ಸೈನಿಕರಿಗೂ ಒಂದು ಪೆನ್ನಿಗೆ ಪತ್ರ ಕಳಿಸುವ ಸವಲತ್ತು ಕೊಟ್ಟರು. ಕಮಾಂಡಿಂಗ್ ಆಫೀಸರ್ ಮೇಲೆ ಸಹಿ ಹಾಕಬೇಕಿತ್ತು. ಅಧಿಕಾರಿಗಳಿಗೆ ಆ ರಿಯಾಯಿತಿ ಇರಲಿಲ್ಲ.

ಸರಕಾರಿ ಕಾಗದ ಆದರೆ ಬೇರೆ ಮಾತು. ಟ್ರಫಾಲ್ಗರ್ ಗೆದ್ದ ಸುದ್ದಿಯನ್ನು ಕಾಲಿಂಗ್‌ವುಡ್ ‘ಪಿಕಲ್’ ಅನ್ನುವ ಪುಟ್ಟ ಹಡಗಿನಲ್ಲಿ ಕಳಿಸಿದ. ಅದು ಅಕ್ಟೋಬರ್ 26ಕ್ಕೆ ಹೊರಟು ನವೆಂಬರ್ 4ಕ್ಕೆ ಫಾಲ್ಮತ್ ಮುಟ್ಟಿತು. ಅದರ ಕಮಾಂಡರ್ ದಾರಿಯಲ್ಲಿ 21 ಸಲ ಕುದುರೆ ಬದಲಿಸಿ, ನಿದ್ದೆ ಬಿಟ್ಟು, 6ನೇ ತಾರೀಖು ಬೆಳಗಿನ ಜಾವ ಒಂದು ಗಂಟೆಗೆ ಲಂಡನ್ನಿನ ನೌಕಾ ಕಚೇರಿಯ ಬಾಗಿಲು ತಟ್ಟಿದ. ಮಕ್ಕಳಿಗೆ ಬರೆದ ಪತ್ರಕ್ಕೆ ಯಾರು 21 ಸಲ ಕುದುರೆ ಬದಲಿಸುತ್ತಾರೆ? ಅದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತಗೊಳ್ಳುತ್ತಿತ್ತು. ಜ್ವರ ಬಂದಿದೆ ಅಂತ ಮನೆಯಿಂದ ಬರೆದರೆ ಇವನಿಗೆ ಗೊತ್ತಾಗುವ ಹೊತ್ತಿಗೆ ಜ್ವರ ಬಿಟ್ಟು ಎಷ್ಟೋ ದಿನ ಆಗಿರುತ್ತಿತ್ತು.

ಶತ್ರುವಿನ ಕೈಗೆ ಸಿಗುವುದು ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿದ್ದಾಗ ಅವನ ಸೈನ್ಯದವರು ಫ್ರಾನ್ಸಿನ ಮನೆಗಳಿಗೆ ಬರೆದ ರಾಶಿ ಪತ್ರಗಳು ಬ್ರಿಟಿಷ್ ಹಡಗುಗಳಿಗೆ ಸಿಕ್ಕಿಬಿದ್ದವು. ಬ್ರಿಟಿಷರು ಅವನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿ ಮಾರಿದರು. ಊರಿಗೆ ಊರೇ ಕೂತು ಶತ್ರುವಿನ ಮನೆಪತ್ರ ಓದಿತು. ನೆಪೋಲಿಯನ್ ತನ್ನ ಅಣ್ಣನಿಗೆ ಬರೆದ, ಹೆಂಡತಿ ಜೋಸೆಫಿನ್ ವಿಷಯದಲ್ಲಿ ಮನಸ್ಸು ಮುರಿದುಕೊಂಡ ಪತ್ರ ಕೂಡ ಇವರ ಕೈಗೆ ಬಿತ್ತು. ಅದರ ಮುಂದಿನ ವರ್ಷ ಹೀಗೆಯೇ ಸಿಕ್ಕಿಬಿದ್ದ ಇನ್ನೊಂದು ಪತ್ರ ನಮಗೆ ಸಂಬಂಧಪಟ್ಟದ್ದು. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಬರೆದದ್ದು. ಲೆಕ್ಕವಿಲ್ಲದಷ್ಟು ಸೈನ್ಯದ ಜೊತೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸುವ ಆಸೆ ಇದೆ ಅನ್ನುವ ಅರ್ಥದ್ದು. ಅದು ಶ್ರೀರಂಗಪಟ್ಟಣ ಮುಟ್ಟಲೇ ಇಲ್ಲ, ಬ್ರಿಟಿಷರು ಓದಿದರು. ಮೇ 4ಕ್ಕೆ ಕೋಟೆ ಬಿತ್ತು.

ಇನ್ನೊಂದು ಹೇಳಿ ವಾಪಸ್ ಬರುತ್ತೇನೆ. 1758ರಲ್ಲಿ ‘ಗಲಾತೆ’ ಅನ್ನುವ ಫ್ರೆಂಚ್ ಯುದ್ಧನೌಕೆಯನ್ನು ಬ್ರಿಟಿಷರು ಹಿಡಿದರು. ಆ ಹಡಗಿನವರಿಗೆ ಹೆಂಡತಿ, ತಾಯಿ, ಅಕ್ಕತಂಗಿಯರು ಬರೆದ ನೂರಕ್ಕೂ ಹೆಚ್ಚು ಪತ್ರಗಳು ಬಂದರಿನಿಂದ ಬಂದರಿಗೆ ಹಡಗಿನ ಹಿಂದೆಯೇ ಅಲೆದವು, ಪ್ರತಿ ಸಲವೂ ಹಡಗು ಹೊರಟುಹೋಗಿರುತ್ತಿತ್ತು. ಕೊನೆಗೆ ಅವು ಇಂಗ್ಲೆಂಡಿನ ನೌಕಾ ಕಚೇರಿಗೆ ಸೇರಿ, ಅಲ್ಲಿಂದ ರಾಷ್ಟ್ರೀಯ ದಾಖಲಾಗಾರಕ್ಕೆ ಹೋದವು. ಹೆಚ್ಚಿನವನ್ನು ಯಾರೂ ಒಡೆದೇ ನೋಡಿರಲಿಲ್ಲ. ಕೇಂಬ್ರಿಡ್ಜಿನ ಇತಿಹಾಸಕಾರ ರೆನೋ ಮೊರಿಯೊ ಅವುಗಳನ್ನು ತೆರೆದು ಓದಿ 2023ರಲ್ಲಿ ಪ್ರಕಟಿಸಿದರು. ಅದರಲ್ಲಿ ಆ ಹಡಗಿನ ಫಸ್ಟ್ ಲೆಫ್ಟಿನೆಂಟ್‌ಗೆ ಹೆಂಡತಿ ಮರೀ ದುಬೋಸ್ಕ್ ಬರೆದದ್ದೂ ಇದೆ. ರಾತ್ರಿಯೆಲ್ಲ ಕೂತು ನಿಮಗೆ ಬರೆಯುತ್ತಲೇ ಇರಬಲ್ಲೆ ಅನ್ನುತ್ತಾಳೆ ಆಕೆ. ಗಂಡನಿಗೆ ಅದು ತಲುಪಲಿಲ್ಲ. ಮರುವರ್ಷ ಆಕೆ ತೀರಿಕೊಂಡಳು.

ಹಾಗಾಗಿ ಕಾಲಿಂಗ್‌ವುಡ್ ಪತ್ರಗಳು ಮಾರ್ಪೆತ್ ಮುಟ್ಟಿ, ಉಳಿದು, ಇವತ್ತು ನಾವು ಓದುವಂತಾಗಿರುವುದೇ ದೊಡ್ಡ ಪುಣ್ಯ.

ಎಲ್ಲಕ್ಕಿಂತ ಒಳ್ಳೆಯದು ಅಂತ ನನಗನ್ನಿಸುವುದು 1806ರ ಜೂನ್ 16ರ ಪತ್ರ. ಟ್ರಫಾಲ್ಗರ್ ಆಗಿ ಎಂಟು ತಿಂಗಳು. ಇವನು ‘ಓಷನ್’ ಹಡಗಿನಲ್ಲಿ, ಶತ್ರುವಿನ ಬಂದರಿಗೆ ದಿಗ್ಬಂಧನ ಹಾಕುವ ಕೆಲಸದಲ್ಲಿ ಇದ್ದ. ಈ ದಿಗ್ಬಂಧನದ ಕೆಲಸ ಹೇಗಿರುತ್ತದೆ ಅಂದರೆ, ಶತ್ರುವಿನ ಬಂದರಿನ ಎದುರಿಗೆ ಹಗಲೂ ರಾತ್ರಿ ಹಾಯಿ ಬಿಚ್ಚಿ ಸುತ್ತುತ್ತಾ ಇರಬೇಕು, ಅವರು ಹೊರಗೆ ಬರದಂತೆ. ಬಂದರೆ ಯುದ್ಧ. ಬರದಿದ್ದರೆ ನಾಳೆಯೂ ಇದೇ. ಒಮ್ಮೆ ಸುಮಾರು 22 ತಿಂಗಳು ಲಂಗರು ಹಾಕದೆ ಸಮುದ್ರದಲ್ಲೇ ಇದ್ದ ಅಂತ ಅವನ ಜೀವನಚರಿತ್ರೆ ಹೇಳುತ್ತದೆ. ಇಂಥ ಬೇಸರದ ನಡುವೆ ಬಂದ ಜೂನ್ 16, ಅವರ ಮದುವೆಯ ದಿನ.

ಶುಭಾಶಯ ಹೇಳಿ ಶುರು ಮಾಡುತ್ತಾನೆ. ಶಾಂತಿ ಬಂದರೆ ಕೊನೆಗಾಲ ನಿಮ್ಮ ಜೊತೆ ಕಳೆಯಬೇಕು, ಬೇರೇನೂ ಬೇಡ ಅನ್ನುತ್ತಾನೆ. ಆಮೇಲೆ ಊರು ಬದಲಿಸುವ ಮಾತು. ತೆಂಕಣಕ್ಕೆ ಹೋಗೋಣ ಅಂದರೆ ಹೋಗಬಹುದು, ಆದರೆ ಮಾರ್ಪೆತ್ತಿನ ನೋಟ ಬಿಟ್ಟು ಬಂದೆ ಅಂತ ಯಾವಾಗಲೂ ಕೊರಗುತ್ತೇನೆ. ಚಳಿಗಾಲದ ಬೆಳಗ್ಗೆ ಆರು ಗಂಟೆಗೆ ನಮ್ಮ ಬಾಗಿಲ ಮುಂದೆ ಗಡಗಡ ಅಂತ ಹೋಗುತ್ತಿದ್ದ ಆ ಹಳೆ ಗಾಡಿಯ ಸದ್ದಿಗೂ ಒಂದು ಸೊಗಸಿತ್ತು ಅನ್ನುತ್ತಾನೆ. ಆ ಗಾಡಿ ನಿದ್ದೆ ಕೆಡಿಸಿದ್ದಾಗ ಇದೇ ಮನುಷ್ಯ ಶಪಿಸಿರುತ್ತಾನೆ, ಅನುಮಾನವೇ ಇಲ್ಲ. ದೂರದಲ್ಲಿದ್ದಾಗ ಅದೇ ಸದ್ದು ಬೇಕಾಗುತ್ತದೆ. ದುಬೈನಲ್ಲೋ ಅಮೆರಿಕದಲ್ಲೋ ಇರುವ ನಿಮ್ಮ ಮನೆ ಹುಡುಗರನ್ನು ಕೇಳಿ ನೋಡಿ.

ನಡುವೆ ಒಂದು ಪ್ಯಾರಾ ಏಕಾಏಕಿ ಸಿಟ್ಟು. ಹೊಟ್ಟೆಗಿಲ್ಲದೆ ಸಣ್ಣ ಕಳ್ಳತನ ಮಾಡಿದವನನ್ನು ಗಲ್ಲಿಗೆ ಹಾಕುತ್ತಾರೆ, ಓದಿದ ದೊಡ್ಡ ಮನೆತನದ ಕಳ್ಳ ರಾಜ್ಯವನ್ನೇ ದೋಚಿದರೂ ಮರ್ಯಾದಸ್ಥನ ಥರ ಓಡಾಡುತ್ತಾನೆ. ಮೊದಲನೆಯವನ ಮೇಲೆ ನನಗೆ ಕನಿಕರ, ಎರಡನೆಯವನನ್ನು ಕಂಡರೆ ಅಸಹ್ಯ ಅಂತ. ಮದುವೆಯ ದಿನದ ಪತ್ರದಲ್ಲಿ! ಟ್ರಫಾಲ್ಗರ್ ಗೆದ್ದದ್ದಕ್ಕೆ ಹೊಸದಾಗಿ ಲಾರ್ಡ್ ಪದವಿ ಪಡೆದವನು ಬರೆದದ್ದು ಇದು, ನೆನಪಿಡಿ.

ಆಮೇಲೆ ಮಕ್ಕಳು. ಅವರಿಗೆ ಜ್ಯಾಮಿತಿ ಕಲಿಸಬೇಕು ಅನ್ನುತ್ತಾನೆ. ಹದಿಮೂರು, ಹದಿನಾಲ್ಕರ ಹುಡುಗಿಯರು, ಆ ಕಾಲದಲ್ಲಿ ಅಂಥ ಮನೆಯ ಹುಡುಗಿಯರಿಗೆ ಪಿಯಾನೋ, ಕಸೂತಿ, ಸ್ವಲ್ಪ ಫ್ರೆಂಚ್ ಆದರೆ ಓದು ಮುಗಿಯಿತು. ಇವನು ಕೊಡುವ ಕಾರಣ ನೋಡಿ. ಸತ್ಯ ಯಾವುದು, ಸತ್ಯದ ಹಾಗೆ ಕಾಣುವುದು ಯಾವುದು ಅಂತ ಬೇರೆ ಮಾಡಿ ನೋಡಲು ಜ್ಯಾಮಿತಿಯಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲವಂತೆ. ಗಣಿತ, ಖಗೋಳ ಕಲಿಯಲಿ, ಸೃಷ್ಟಿ ಎಷ್ಟು ದೊಡ್ಡದು ಅಂತ ಗೊತ್ತಾಗಲಿ. ಚರ್ಚಿಗೆ ಹೋಗುವುದು ಫ್ಯಾಷನ್ ಅಂತ ದೇವರನ್ನು ನಂಬುವುದು ಬೇಡ, ಅವನ ಕೆಲಸ ನೋಡಿ ನಂಬಲಿ. ಒಂದು ಸಲಕ್ಕೆ ಒಂದೇ ಪುಸ್ತಕ ಕೊಡು, ಅದು ಮುಗಿಯದೆ ಇನ್ನೊಂದು ಕೊಡಬೇಡ ಅಂತಲೂ ಸೂಚನೆ. ಈ ಕೊನೆಯದನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ಪುಸ್ತಕ ಒಟ್ಟಿಗೆ ಓದುವ ಮಕ್ಕಳು ಏನೂ ಹಾಳಾಗುವುದಿಲ್ಲ.

ಆಮೇಲೆ ತೋಟ. ನಾನು ನೆಟ್ಟ ಮರಗಳು ಹೇಗಿವೆ? ಆ ಮೂರು ಓಕ್ ಮರಗಳ ಕೆಳಗೆ ಬೇಸಿಗೆಯಲ್ಲಿ ಕೂರುವಷ್ಟು ನೆರಳು ಬಂದಿದೆಯಾ? ಪಾಪ್ಲರ್ ಬೆಳೆಯುತ್ತಿವೆಯಾ? ಜಗಲಿಯ ಗೋಡೆ ಗಟ್ಟಿಯಾಗಿ ನಿಂತಿದೆಯಾ? ಹೀಗೆ ಸಾಲು ಪ್ರಶ್ನೆ. ಕೊನೆಗೆ ಹಣದ ಮಾತು. ಲಾರ್ಡ್ ಪದವಿ ಪಡೆಯಲು ಕಟ್ಟಬೇಕಾದ ಶುಲ್ಕಕ್ಕೇ ಬ್ಯಾಂಕಿನಲ್ಲಿದ್ದ ದುಡ್ಡೆಲ್ಲ ಖಾಲಿಯಾಗಿ ಸಾಲ ಬೇರೆ ಆಗಿದೆ, ಹುಡುಗನಾಗಿ ಹಡಗಿನಲ್ಲಿದ್ದ ಕಾಲ ಬಿಟ್ಟರೆ ಸಾಲ ಅನ್ನುವುದು ಇದೇ ಮೊದಲು ಅನ್ನುತ್ತಾನೆ. ಪರವಾಗಿಲ್ಲ, ಇಲ್ಲಿ ಖರ್ಚೂ ಇಲ್ಲ, ನೀನು ಕಳಿಸಿದ ಚಾಕು, ಫೋರ್ಕು, ಟೀಪಾಟು ಬಂದು ಸೇರಿವೆಯಲ್ಲ.

ಒಂದೇ ಪತ್ರದಲ್ಲಿ ಮದುವೆ, ಕಳ್ಳರು, ಜ್ಯಾಮಿತಿ, ದೇವರು, ಪಾಪ್ಲರ್, ಟೀಪಾಟು. ಇದಕ್ಕೇ ನನಗೆ ಈ ಪತ್ರ ಇಷ್ಟ. ನಮ್ಮ ಹಿರಿಯರು ‘ಉಭಯ ಕುಶಲೋಪರಿ’ ಅಂತ ಶುರು ಮಾಡಿ ಒಂದೇ ಹಾಳೆಯಲ್ಲಿ ಎಮ್ಮೆ ಕರು ಹಾಕಿದ್ದು, ಮಾವ ಸತ್ತದ್ದು, ಅಡಿಕೆ ರೇಟು ಎಲ್ಲ ತುಂಬುತ್ತಿದ್ದರು, ಅಲ್ವಾ? ಮತ್ತೆ ಯಾವಾಗ ಬರೆಯಲು ಆಗುತ್ತದೋ ಗೊತ್ತಿಲ್ಲದವರು ಹೀಗೇ ಬರೆಯುವುದು.

ಓಕ್ ಮರದ ಹುಚ್ಚು ಇವನಿಗೆ ದೊಡ್ಡದು. ಅದಕ್ಕೆ ಕಾರಣವೂ ಇತ್ತು. ಹಡಗು ಕಟ್ಟುತ್ತಿದ್ದದ್ದೇ ಓಕ್‌ನಿಂದ. ‘ವಿಕ್ಟರಿ’ ಒಂದಕ್ಕೇ ಸುಮಾರು 6000 ಮರ ಹೋಗಿವೆ, ಅದರಲ್ಲಿ ಬಹುಪಾಲು ಓಕ್. ಊರಲ್ಲಿದ್ದಾಗ ಜೇಬಿನ ತುಂಬ ಓಕ್ ಬೀಜ ತುಂಬಿಕೊಂಡು ನಡೆಯಲು ಹೋಗುತ್ತಿದ್ದ, ಬೇಲಿ ಸಾಲಿನಲ್ಲಿ ಒಂದೊಂದು ಉದುರಿಸುತ್ತಾ. ಎಲ್ಲ ಜಮೀನುದಾರರೂ ಹೀಗೆ ಮಾಡದಿದ್ದರೆ ಮುಂದೆ ಶತ್ರುವಿನ ಹಡಗು ಹಿಡಿದೇ ನಮ್ಮ ನೌಕಾಪಡೆ ನಡೆಸಬೇಕಾಗುತ್ತದೆ ಅಂತ ಬರೆದ. ಅವನು ಸತ್ತ ಮೇಲೆ, 1815ರಲ್ಲಿ, ಹೆಂಡತಿ ಹೆತ್‌ಪೂಲ್ ಅನ್ನುವ ಅವರ ಜಮೀನಿನಲ್ಲಿ ಓಕ್ ನೆಡಿಸಿದಳು. ಅವು ಈಗಲೂ ಇವೆ, ಕಾಲಿಂಗ್‌ವುಡ್ ಓಕ್ಸ್ ಅಂತಲೇ ಹೆಸರು. ಅವು ಕಡಿಯುವ ವಯಸ್ಸಿಗೆ ಬರುವ ಎಷ್ಟೋ ಮೊದಲೇ ಕಬ್ಬಿಣದ ಹಡಗು ಬಂದವು. ಹಾಗಾಗಿ ಬದುಕಿಕೊಂಡವು.

ಇಷ್ಟೆಲ್ಲ ಹೇಳಿದರೆ ಬಹಳ ಗಂಭೀರ ಮನುಷ್ಯ ಅಂದುಕೊಳ್ಳುತ್ತೀರಿ. ನಗಿಸುತ್ತಲೂ ಇದ್ದ. ಬೌನ್ಸ್ ಅಂತ ಒಂದು ನಾಯಿ, ವರ್ಷಗಟ್ಟಲೆ ಇವನ ಜೊತೆ ಹಡಗಿನಲ್ಲೇ ಇತ್ತು. ಇವನಿಗೆ ಲಾರ್ಡ್ ಪದವಿ ಬಂದ ಮೇಲೆ ಮನೆಗೆ ಬರೆಯುತ್ತಾನೆ. ಬೌನ್ಸ್‌ನ ಕಾಟ ತಡೆಯಲು ಆಗುತ್ತಿಲ್ಲ. ತಾನು ಲಾರ್ಡ್ ಮನೆ ನಾಯಿ ಅಂತ ಭಾರಿ ಜಂಭ. ಸಾಮಾನ್ಯರ ಮನೆ ನಾಯಿಗಳ ಜೊತೆ ಆಡುವುದು ತನ್ನ ಅಂತಸ್ತಿಗೆ ಕಡಿಮೆಯಂತೆ, ಅವುಗಳ ಮೇಲೆ ಕಾಲೆತ್ತಿದರೆ ಅದೇ ಅವಕ್ಕೆ ದೊಡ್ಡ ಉಪಕಾರ ಅಂದುಕೊಂಡಿದೆ! ಇದು ನಾಯಿಯ ಬಗ್ಗೆ ಬರೆದದ್ದಲ್ಲ ಅಂತ ಮನೆಯವರಿಗೂ ಗೊತ್ತಾಗಿರುತ್ತದೆ. ಹೊಸ ಪದವಿ ಬಂದ ಮನೆಯಲ್ಲಿ ಸ್ವಲ್ಪ ಠೀವಿ ಶುರುವಾಗುವುದು ಸಹಜ. ನೇರವಾಗಿ ಬುದ್ಧಿ ಹೇಳಿದರೆ ಜಗಳ, ನಾಯಿ ಹೆಸರಲ್ಲಿ ಹೇಳಿದರೆ ನಗು.

1809ರ ಆಗಸ್ಟಿನಲ್ಲಿ ಬೌನ್ಸ್ ರಾತ್ರಿ ಹೊತ್ತು ಸಮುದ್ರಕ್ಕೆ ಬಿದ್ದು ಹೋಯಿತು. ಆ ಪತ್ರ ಚಿಕ್ಕದು. ನನಗಿದ್ದ ಸುಖಗಳೇ ಕೆಲವು, ಅದರಲ್ಲಿ ಇದೊಂದು, ಯಾಕೆಂದರೆ ಅದು ನನ್ನನ್ನು ಪ್ರೀತಿಸುತ್ತಿತ್ತು ಅಂತ ಬರೆದ.

ಈಗ ಮಗಳಿಗೆ ಬರೆದ ಪತ್ರಗಳಿಗೆ ಬರೋಣ. ಇಲ್ಲಿ ನನಗೆ ಸ್ವಲ್ಪ ತಕರಾರು ಇದೆ. ದೊಡ್ಡ ಮಗಳಿಗೆ ಪತ್ರ ಬರೆಯುವುದು ಹೇಗೆ ಅಂತಲೇ ಒಂದು ಪತ್ರ ಬರೆದಿದ್ದಾನೆ. ಪತ್ರ ಅನ್ನುವುದು ನಿನ್ನ ಮೆದುಳಿನ ಚಿತ್ರ, ಹುಷಾರು ಅನ್ನುತ್ತಾನೆ. ತಮಾಷೆ ಮಾಡು, ಆದರೆ ಯಾರಿಗೂ ಚುಚ್ಚಬಾರದು. ಸಾಲು ಸೊಟ್ಟ ಆಗಬಾರದು. ಉದ್ದುದ್ದ ಗೆರೆ ಎಳೆಯಬಾರದು. ಪೆನ್ನು ಸರಿ ಇರಲಿಲ್ಲ ಅನ್ನುವ ನೆಪ ಬೇಡ, ಸರಿ ಮಾಡಿಕೊಳ್ಳಬೇಕಿತ್ತು. ಟೈಮ್ ಇರಲಿಲ್ಲ ಅನ್ನುವುದೂ ಬೇಡ, ಇದಕ್ಕಿಂತ ಮುಖ್ಯವಾದ ಕೆಲಸ ನಿನಗೇನಿದೆ? ಗೀಚಿ ಗೀಚಿ ಬರೆಯುವವರು, ಓದಲು ಆಗದಿದ್ದರೆ ಏನೋ ಅರ್ಥ ಇರಬೇಕು ಅಂತ ಜನ ಅಂದುಕೊಳ್ಳಲಿ ಅಂತಲೇ ಹಾಗೆ ಬರೆಯುತ್ತಾರೆ. ಈ ಕೊನೆಯ ಮಾತು ಚೆನ್ನಾಗಿದೆ, ಕೆಲವು ಡಾಕ್ಟರಿಗೆ ಕಳಿಸಬಹುದು.

ಆದರೆ ಯೋಚನೆ ಮಾಡಿ. ಆ ಹುಡುಗಿ ಅಪ್ಪನನ್ನು ನೋಡಿದ್ದು ಹತ್ತು ಹನ್ನೊಂದು ವಯಸ್ಸಿನಲ್ಲಿ. ಈಗ ಹದಿನಾರು. ತಿಂಗಳುಗಟ್ಟಲೆ ಕಾದ ಮೇಲೆ ಅಪ್ಪನ ಕಾಗದ ಬರುತ್ತದೆ. ಒಡೆದು ನೋಡಿದರೆ ಅಕ್ಷರ ದುಂಡಗೆ ಬರಿ ಅಂತ ಇದೆ. ಅವಳಿಗೆ ಹೇಗಾಗಿರಬೇಕು? ಮನೆಯಲ್ಲೇ ಇರುವ ಅಪ್ಪ ಬೈದರೆ ಸಂಜೆ ಹೊತ್ತಿಗೆ ಮರೆತುಹೋಗುತ್ತದೆ, ಊಟಕ್ಕೆ ಒಟ್ಟಿಗೆ ಕೂರುತ್ತಾರೆ, ಏನೋ ಒಂದು ತಮಾಷೆ ಆಗುತ್ತದೆ. ಕಾಗದದಲ್ಲಿ ಬೈದದ್ದು ಕಾಗದದಲ್ಲೇ ಇರುತ್ತದೆ, ಎಷ್ಟು ಸಲ ತೆಗೆದರೂ ಅದೇ ಬೈಗುಳ. ಇದು ಅವನ ಕೆಟ್ಟತನ ಅಲ್ಲ. ಅವನ ತಲೆಯಲ್ಲಿ ಆ ಮಕ್ಕಳು ಬೆಳೆಯಲೇ ಇಲ್ಲ, ಪಾಠ ಹೇಳಿಕೊಟ್ಟ ಆ ಒಂದು ವರ್ಷದಲ್ಲೇ ನಿಂತುಬಿಟ್ಟಿದ್ದರು.

ಇದೇ ತೊಂದರೆ ಆ ಕಡೆಯಿಂದಲೂ ಆಯಿತು, ಅದು ಇನ್ನೂ ಚೆನ್ನಾಗಿದೆ. 1807ರಲ್ಲಿ ಸಿಸಿಲಿಯಲ್ಲಿ ಒಬ್ಬ ಹೆಸರಾಂತ ಚಿತ್ರಕಾರನ ಹತ್ತಿರ ತನ್ನ ಚಿತ್ರ ಬರೆಸಿ ಮನೆಗೆ ಕಳಿಸಿದ. ಹೆಂಡತಿಗೆ ಇಷ್ಟವಾಗಲಿಲ್ಲ, ಇದು ನಿಮ್ಮ ಥರ ಇಲ್ಲವೇ ಇಲ್ಲ ಅಂತ ಬರೆದಳು. ಇವನ ಉತ್ತರ ಇದು: ನೀನು ಎದುರು ನೋಡಿದ್ದು ಮನೆ ಬಿಟ್ಟಾಗ ಇದ್ದ ನುಣುಪು ಮುಖದ ಗಂಡನನ್ನು. ಚಿತ್ರಕಾರ ನಿಜವಾಗಿ ನನ್ನನ್ನು ಚೆಂದ ಮಾಡಿಯೇ ಬರೆದಿದ್ದಾನೆ ಅಂತ ಇಲ್ಲಿಯವರು ಹೇಳುತ್ತಾರೆ. ಗಲ್ಲದ ಕೆಳಗೆ ಗಂಟಿನ ಥರ ಕಾಣುವುದು ಮಾಂಸ ಕರಗಿ ಜೋತ ಚರ್ಮ. ಮುಖ ಕೆಂಪಗಿರುವುದು ಕುಡಿದು ಅಲ್ಲ, ಬಿಸಿಲಿಗೆ ಗಾಳಿಗೆ. ಕಪ್ಪಗೆ ಹೊಳೆಯುತ್ತಿದ್ದ ಕಣ್ಣು ಈಗ ಮಂಕು. ಅವನು ನಾನು ಈಗ ಹೇಗಿದ್ದೇನೋ ಹಾಗೆ ಬರೆದ, ಹಿಂದೆ ಹೇಗಿದ್ದೆನೋ ಹಾಗಲ್ಲ. ಬೇರೆ ಯಾವ ಪತ್ರದಲ್ಲೂ ತನ್ನ ಕಷ್ಟವನ್ನು ಇಷ್ಟು ಬಿಚ್ಚಿ ಹೇಳಿದ್ದನ್ನು ನಾನು ಓದಿಲ್ಲ. ಅದೂ ಚಿತ್ರಕಾರನ ಪರ ವಾದ ಮಾಡುವ ನೆಪದಲ್ಲಿ.

ಮನೆಗೆ ಬರಬಹುದಿತ್ತಲ್ಲ, ಯಾಕೆ ಬರಲಿಲ್ಲ ಅಂತ ಕೇಳುತ್ತೀರಿ. ಕೇಳಿದ. 1808ರಲ್ಲಿ ಆರೋಗ್ಯ ಕೆಟ್ಟಿದೆ, ಬಿಡುಗಡೆ ಕೊಡಿ ಅಂತ ಬರೆದ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದು ಕಷ್ಟ, ಇರಿ ಅಂತ ನೌಕಾ ಇಲಾಖೆಯ ಮುಖ್ಯಸ್ಥ ಲಾರ್ಡ್ ಮಲ್‌ಗ್ರೇವ್ ಉತ್ತರ ಕೊಟ್ಟ. ಇದ್ದ. ಅಷ್ಟು ಹೊತ್ತಿಗೆ ಇವನ ಕೆಲಸ ಬರೀ ಹಡಗು ನಡೆಸುವುದಾಗಿ ಉಳಿದಿರಲಿಲ್ಲ. ಸಿಸಿಲಿಯ ರಾಣಿ ಮರಿಯಾ ಕರೋಲಿನಾ, ಅಲ್ಜೀರ್ಸಿನ ‘ಡೇ’ (ಅಲ್ಲಿನ ಆಡಳಿತಗಾರ), ನೆಪೋಲಿಯನ್ ವಿರುದ್ಧ ಎದ್ದ ಸ್ಪೇನಿನ ನಾಯಕರು, ಎಲ್ಲರ ಜೊತೆ ಪತ್ರ ವ್ಯವಹಾರ ಇವನದೇ. ಬೆಳಗಿನಿಂದ ಮಧ್ಯರಾತ್ರಿಯವರೆಗೆ ಮೇಜಿಗೆ ಬಗ್ಗಿ ಕೂತು ಬರೆಯುವುದು. ಕೆಲಸವನ್ನು ಕೈ ಕೆಳಗಿನವರಿಗೆ ಹಂಚುವ ಅಭ್ಯಾಸ ಇವನಿಗೆ ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಸರಕಾರ ಬಿಡಲಿಲ್ಲ ಅನ್ನುವುದು ಅರ್ಧ ನಿಜ. ಗಟ್ಟಿಯಾಗಿ ಇನ್ನೊಂದು ಸಲ ಕೇಳಿದ್ದರೆ ಬಿಡಲೇಬೇಕಿತ್ತು. ಮನೆ ಬೇಕು ಅಂತ ಹೆಂಡತಿಗೆ ಬರೆಯುವ ಕೈ, ಇರುತ್ತೇನೆ ಅಂತ ಲಂಡನ್ನಿಗೆ ಬರೆಯುತ್ತಿತ್ತು. ಎರಡೂ ಮನಸಾರೆ ಬರೆದದ್ದೇ.

1810ರ ಮಾರ್ಚ್ ಹೊತ್ತಿಗೆ ನಿಲ್ಲಲೂ ಆಗುತ್ತಿರಲಿಲ್ಲ, ಹೊಟ್ಟೆಯ ಕಾಯಿಲೆ. ಕೊನೆಗೂ ಅಧಿಕಾರ ಬಿಟ್ಟುಕೊಟ್ಟ. ಮಿನೋರ್ಕಾ ದ್ವೀಪದ ಮಹೋನ್ ಬಂದರಿನಿಂದ ‘ವಿಲ್ ದ ಪಾರೀ’ ಹಡಗು 6ನೇ ತಾರೀಖು ಇಂಗ್ಲೆಂಡಿಗೆ ಹೊರಟಿತು. 7ರ ಸಂಜೆ ತೀರಿಕೊಂಡ. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ನೆಲ್ಸನ್ ಸಮಾಧಿಯ ಹತ್ತಿರವೇ ಮಣ್ಣು ಮಾಡಿದರು.

ಗಂಡು ಮಕ್ಕಳಿಲ್ಲದ್ದರಿಂದ ಲಾರ್ಡ್ ಪದವಿ ಹೆಣ್ಣುಮಕ್ಕಳಿಗೆ ಹೋಗಲಿ ಅಂತ ಬದುಕಿದ್ದಾಗಲೇ ಕೇಳಿಕೊಂಡಿದ್ದ. ಕೊಡಲಿಲ್ಲ. ಅವನ ಜೊತೆಗೇ ಅದು ಮುಗಿಯಿತು. ಪಾರ್ಲಿಮೆಂಟ್ ಟ್ರಫಾಲ್ಗರ್ ಆದ ಮೇಲೆ ಗೊತ್ತುಮಾಡಿದ ಪಿಂಚಣಿ ಮಾತ್ರ ಮನೆಯವರಿಗಿತ್ತು, ಹೆಂಡತಿಗೆ ವರ್ಷಕ್ಕೆ 1000 ಪೌಂಡ್, ಮಕ್ಕಳಿಗೆ ತಲಾ 500.

ಪತ್ರಗಳು ಪುಸ್ತಕವಾದದ್ದು 1828ರಲ್ಲಿ. ಹೊರತಂದವನು ದೊಡ್ಡ ಮಗಳು ಸಾರಾಳ ಗಂಡ. ಅವನು ಮಾವನ ಮನೆತನದ ಹೆಸರನ್ನೂ ತನ್ನದಾಗಿ ಇಟ್ಟುಕೊಂಡ. ಇಲ್ಲಿ ಒಂದು ಎಚ್ಚರ ಬೇಕು. ಆರಿಸಿದ್ದು ಅಳಿಯ, ಅದೂ ಆ ಮನೆಯ ಮಗಳು ಪಕ್ಕದಲ್ಲೇ ಇದ್ದಾಗ. ಮನೆಯ ಮಾನ ಕಾಯುವ ಪತ್ರಗಳು ಮುಂದೆ ಬರುತ್ತವೆ, ಹಣದ ಕಿರಿಕಿರಿ, ಮುನಿಸು ಇದ್ದ ಪತ್ರಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ, ಇದು ಎಲ್ಲ ಮನೆಗಳಲ್ಲೂ ಹಾಗೆಯೇ. ಅವನು ಬಂಧುಗಳಿಗೆ ಬರೆದ ಇನ್ನಷ್ಟು ಪತ್ರಗಳು 1957ರಲ್ಲಿ ಅಚ್ಚಾದವು, ಅಲ್ಲಿ ಸ್ವಲ್ಪ ಹೆಚ್ಚು ಗೊಣಗುವ ಕಾಲಿಂಗ್‌ವುಡ್ ಸಿಗುತ್ತಾನೆ. ಇನ್ನು ಹೆಂಡತಿಯ ಮಾತನ್ನು ನಾವು ಅವನ ಉತ್ತರಗಳಿಂದಲೇ ಊಹಿಸಿಕೊಳ್ಳಬೇಕು. ಟೀಪಾಟು ಕಳಿಸಿದಳು ಅಂತ ಗೊತ್ತಾಗುವುದು ಅವನು ಥ್ಯಾಂಕ್ಸ್ ಹೇಳಿದ್ದರಿಂದ, ಚಿತ್ರ ಹಿಡಿಸಲಿಲ್ಲ ಅಂತ ಗೊತ್ತಾಗುವುದು ಅವನು ವಾದ ಮಾಡಿದ್ದರಿಂದ. ಏಳು ವರ್ಷ ಒಬ್ಬಳೇ ಮನೆ, ಜಮೀನು, ಇಬ್ಬರು ಮಕ್ಕಳನ್ನು ನೋಡಿಕೊಂಡವಳು ಅವಳು. ಜ್ಯಾಮಿತಿ ಕಲಿಸು ಅಂತ ಬರೆಯುವುದು ಸುಲಭ, ಮೇಷ್ಟ್ರನ್ನು ಹುಡುಕಬೇಕಾದವಳು ಅವಳೇ ಅಲ್ವಾ?

1828ರ ಪುಸ್ತಕ ಹಕ್ಕುಸ್ವಾಮ್ಯ ಮುಗಿದದ್ದು, ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊದಲ ಪುಟದಿಂದ ಶುರು ಮಾಡಬೇಡಿ, ಹಡಗಿನ ವರದಿಗಳ ರಾಶಿಯಲ್ಲಿ ಮುಳುಗಿ ಹೋಗುತ್ತೀರಿ. ಸಾರಾಗೆ ಬರೆದವನ್ನು ಹುಡುಕಿ ಓದಿ. 1806ರ ಜೂನ್ 16 ಮೊದಲು, ಆಮೇಲೆ ನಾಯಿ, ಆಮೇಲೆ ಚಿತ್ರದ್ದು. ಮಗಳಿಗೆ ಕೊಟ್ಟ ಉಪದೇಶ ಬೇಕಾದರೆ ಓದಿ, ಇಲ್ಲದಿದ್ದರೆ ಬಿಡಿ.